ಡಾಲರ್ ಇದೆಯಾ ಅಂದರೆ 'ಇದೆ' ಅನ್ನುವ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ನಾನು ಕೊಡುವುದು ಐದಕ್ಕೆ ನಾಲ್ಕೂವರೆ ನಕ್ಷತ್ರ. ಉಳಿದರ್ಧ ಒಂದು ಇಪ್ಪತ್ತು ಡಾಲರ್ ನೋಟಿನ ದೆಸೆಯಿಂದ ಹೋಯಿತು. ಆ ಕತೆ ನಡೆದದ್ದು ಕ್ಯಾಂಡಿಯಲ್ಲಿ, ಅಲ್ಲಿಗೆ ಬಂದಾಗ ಹೇಳುತ್ತೇನೆ.

ಅಂಗಡಿ ಇರುವುದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಶಾಪಿಂಗ್ ಕಾಂಪ್ಲೆಕ್ಸಿನಿಂದ ಎರಡು ರಸ್ತೆ ಆಚೆ, ಒಂದು ಬಳೆ ಅಂಗಡಿಯ ಮೇಲೆ. ವಿದೇಶಿ ನೋಟು ಕೊಳ್ಳುವ, ಮಾರುವ ಅಂಗಡಿ. ಹತ್ತೊಂಬತ್ತು ಮೆಟ್ಟಿಲು, ಲಿಫ್ಟ್ ಇಲ್ಲ, ಕಂಬಿ ಒಂದೇ ಕಡೆ. ಮಂಡಿ ನೋವಿರುವವರು ಕೆಳಗಿನಿಂದಲೇ ಫೋನ್ ಮಾಡಿದರೆ ಹುಡುಗ ಇಳಿದು ಬಂದು ಕಾಗದಪತ್ರ ತೆಗೆದುಕೊಂಡು ಹೋಗುತ್ತಾನೆ. ಹೆಸರು ಬರೆಯುತ್ತಿಲ್ಲ. ಬರೆಯುತ್ತೇನೆ ಅಂದಾಗ ಮಾಲೀಕರೇ ಕೈಮುಗಿದರು. "ಬೇಡಮ್ಮ, ಕೂರೋಕೆ ಇರೋದೇ ಮೂರು ಕುರ್ಚಿ."

ನಾನು ಸರ್ಕಾರಿ ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ಇದ್ದು 2019ರಲ್ಲಿ ನಿವೃತ್ತಳಾದವಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಬೆಂಗಳೂರಿನ ಶಾಖೆಯೊಂದರ ಆಮದು ಬಿಲ್ಲುಗಳ ವಿಭಾಗದಲ್ಲಿ ಕಳೆದಿದ್ದೇನೆ. ಹಾಗಾಗಿ ಯಾವ ಊರಿಗೆ ಹೋದರೂ ಜನ ಸೀರೆ ಅಂಗಡಿ ನೋಡುವಂತೆ ನಾನು ಕರೆನ್ಸಿ ಅಂಗಡಿಯ ಬೋರ್ಡು ನೋಡುತ್ತೇನೆ. ಕೊಳ್ಳುವ ದರ, ಮಾರುವ ದರ, ನಡುವಿನ ಅಂತರ. ಆ ಅಂತರ ನೋಡಿದರೆ ಅಂಗಡಿಯವನ ಮನಸ್ಸು ಗೊತ್ತಾಗುತ್ತದೆ.

ಈ ಸಲ ನಾವು ಆರು ಜನ ನಿವೃತ್ತ ಹೆಂಗಸರು ಒಂಬತ್ತು ದಿನಕ್ಕೆ ಶ್ರೀಲಂಕಾಕ್ಕೆ ಹೊರಟಿದ್ದೆವು. ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಅಲ್ಲೇ ಹತ್ತಿರದ ಸೀತಾ ಎಲಿಯದ ಸೀತಮ್ಮನ ಗುಡಿ. ತಲಾ 400 ಡಾಲರ್ ನೋಟು ಬೇಕಿತ್ತು, ಅದೂ ಚಿಕ್ಕ ನೋಟು. ನೂರರ ನೋಟು ಹಿಡಿದು ಎಳನೀರು ಕುಡಿಯೋಕಾಗುತ್ತದೆಯೇ?

ಮೊದಲು ಹೋದದ್ದು ಒಂದು ಮಾಲಿಗೆ. 2025ರ ಫೆಬ್ರವರಿ 10, ಸೋಮವಾರ. ದಿನಾಂಕ ಯಾಕೆ ನೆನಪಿದೆ ಅಂದರೆ ಅವತ್ತು ರೂಪಾಯಿ ಬಿದ್ದು ಡಾಲರ್ 87 ರೂಪಾಯಿ 95 ಪೈಸೆ ಮುಟ್ಟಿತ್ತು. ಕೌಂಟರಿನಲ್ಲಿ ಗಾಜು, ಹೂಕುಂಡ, 'ಝೀರೋ ಕಮಿಷನ್' ಅನ್ನುವ ಫಲಕ. ಹುಡುಗ 90 ರೂಪಾಯಿ 20 ಪೈಸೆ ಅಂದ. ಮಾರುಕಟ್ಟೆ ದರದ ಮೇಲೆ ಎರಡೂಕಾಲು ರೂಪಾಯಿ. 400 ಡಾಲರಿಗೆ 900 ರೂಪಾಯಿ ಅಲ್ಲೇ ಹೋಯಿತು.

"ಕಮಿಷನ್ ಏನೂ ಇಲ್ಲ ಮೇಡಂ."

"ಇದೆ ಕಣಪ್ಪ, ರೇಟಿನೊಳಗೇ ಕೂತಿದೆ."

ಹುಡುಗ ಪಾಪ ನಕ್ಕ. ಹೋಗಲಿ, ಆರು ಜನಕ್ಕೆ ಸೇರಿ 2,400 ಡಾಲರ್, ಎಲ್ಲ ಇಪ್ಪತ್ತು, ಹತ್ತು, ಐದರ ನೋಟು ಅಂದೆ. ಒಳಗೆ ಹೋಗಿ ಬಂದ. "ಸ್ಟಾಕ್ ಇಲ್ಲ ಮೇಡಂ. ಇರೋದೆಲ್ಲ ಬುಕ್ ಆಗಿದೆ. ಅಡ್ವಾನ್ಸ್ ಕಟ್ಟಿ ಹೋಗಿ, ಎರಡು ದಿನದಲ್ಲಿ ತರಿಸ್ತೀವಿ." ಗಾಜಿನ ಒಳಗೆ ಕಂತೆ ಕಾಣುತ್ತಲೇ ಇತ್ತು. ಕಾಣುವ ಕಂತೆ ಬೇರೆ, ಕೊಡಬಹುದಾದ ಕಂತೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾತ್ರಿ ನಮ್ಮ ಗುಂಪಿನ ಒಬ್ಬರು ಜಯನಗರದ ಈ ಅಂಗಡಿಯ ನಂಬರ್ ಕೊಟ್ಟರು. ಮಂಗಳವಾರ ಬೆಳಗ್ಗೆ ವಾಟ್ಸಾಪಿನಲ್ಲಿ ರೇಟು ಕೇಳಿದೆ. ಬಂದ ಉತ್ತರ: 'ಸ್ವಲ್ಪ ತಡೀರಿ ಅಮ್ಮ, ಇಳೀತಾ ಇದೆ. ಮಧ್ಯಾಹ್ನ ಬನ್ನಿ.'

ಮಾರುವವನೇ ತಡೆಯಿರಿ ಅನ್ನುವುದನ್ನು ನನ್ನ ಇಡೀ ಸರ್ವಿಸಿನಲ್ಲಿ ಎಷ್ಟು ಸಲ ಕೇಳಿದ್ದೇನೆ ಅಂತ ಎಣಿಸಿದರೆ ಒಂದು ಕೈಯ ಬೆರಳೂ ಪೂರ್ತಿ ಬೇಡ. ಮಧ್ಯಾಹ್ನ ಊಟ ಮಾಡಿ ಹೋದೆ. 87 ರೂಪಾಯಿ 60 ಪೈಸೆಗೆ ಕೊಟ್ಟರು. ಅವತ್ತು ಮಾರುಕಟ್ಟೆ ಮುಗಿದದ್ದು 86 ರೂಪಾಯಿ 83 ಪೈಸೆಗೆ. ಅಂದರೆ ಇವರು ಇಟ್ಟುಕೊಂಡದ್ದು ಮುಕ್ಕಾಲು ರೂಪಾಯಿ ಚಿಲ್ಲರೆ. ಸೋಮವಾರದ 90ನ್ನೂ ಮಂಗಳವಾರದ 87ನ್ನೂ ನೇರ ಹೋಲಿಸಿ 'ಮಾಲಿನವನು ಮೋಸ ಮಾಡಿದ' ಅನ್ನುವುದು ಸರಿಯಲ್ಲ, ಮಾರುಕಟ್ಟೆಯೇ ಒಂದು ರೂಪಾಯಿ ಸರಿದಿತ್ತು. ನೋಡಬೇಕಾದದ್ದು ಅದರ ಮೇಲೆ ಕಟ್ಟಿದ ಅಂತರ. 400 ಡಾಲರಿಗೆ ಅಲ್ಲಿ 900, ಇಲ್ಲಿ 308. ಜಿಎಸ್‌ಟಿ 63 ರೂಪಾಯಿ ಬೇರೆ, ಅದು ಎಲ್ಲಿ ಹೋದರೂ ಇದೆ.

"ಯಾರು ಇಳಿಸಿದ್ದು?" ಅಂತ ಕೇಳಿದೆ, ಗೊತ್ತಿದ್ದೇ.

"ಇನ್ಯಾರು? ನಮ್ಮ ನೃಪತುಂಗ ರಸ್ತೆಯವರಲ್ಲ, ಮುಂಬೈನೋರು."

ನೃಪತುಂಗ ರಸ್ತೆಯಲ್ಲಿರುವುದು ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿ, ಮುಂಬೈಯದು ಮುಖ್ಯ ಕಚೇರಿ. ರಿಸರ್ವ್ ಬ್ಯಾಂಕು ತಮಟೆ ಹೊಡೆದು ಡಾಲರ್ ಮಾರುವುದಿಲ್ಲ. ಸರ್ಕಾರಿ ಬ್ಯಾಂಕುಗಳ ಡೀಲರುಗಳು ಬೆಳಗ್ಗೆಯೇ ಒಬ್ಬರ ಹಿಂದೊಬ್ಬರು ಮಾರತೊಡಗಿದರೆ ಉಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಆ ಮಂಗಳವಾರ ಪೇಟೆಯವರೆಲ್ಲ ಅದೇ ಮಾತಾಡಿದರು. 88 ಮುಟ್ಟುತ್ತದೆ, ಮುಟ್ಟಿದರೆ 90 ಅಂತ ಗಾಬರಿಗೆ ಕೊಳ್ಳುತ್ತಿದ್ದವರೆಲ್ಲ ಒಂದೇ ಬೆಳಗ್ಗೆ ತಣ್ಣಗಾದರು. ರೂಪಾಯಿಯನ್ನು ಒಂದು ದರಕ್ಕೆ ಮೊಳೆ ಹೊಡೆದು ನಿಲ್ಲಿಸುವುದು ಇಲ್ಲಿನ ಉದ್ದೇಶವಲ್ಲ. ನೂಕುನುಗ್ಗಲು ಆಗಬಾರದು, ಅಷ್ಟೆ. ಅದಕ್ಕೆ ಕೈಯಲ್ಲಿ ಡಾಲರ್ ಇರಬೇಕು, ಇದೆ ಅಂತ ಎಲ್ಲರಿಗೂ ಗೊತ್ತಿರಬೇಕು. 2024ರ ಸೆಪ್ಟೆಂಬರ್ ಕೊನೆಗೆ ನಮ್ಮ ವಿದೇಶಿ ವಿನಿಮಯ ಮೀಸಲು, ಅಂದರೆ ದೇಶ ಕೂಡಿಟ್ಟ ವಿದೇಶಿ ಹಣ, ಚಿನ್ನ ಎಲ್ಲ ಸೇರಿ, ಸುಮಾರು 705 ಬಿಲಿಯನ್ ಡಾಲರ್ ಇತ್ತು. ಒಂದು ಬಿಲಿಯನ್ ಅಂದರೆ ನೂರು ಕೋಟಿ. ಜನವರಿ ಮಧ್ಯದ ಹೊತ್ತಿಗೆ ಅದು 624ಕ್ಕೆ ಇಳಿದಿತ್ತು. ಮಾರಿ ಖರ್ಚಾದದ್ದೂ ಅದರಲ್ಲಿದೆ, ಯೂರೋ, ಪೌಂಡು ಮುಂತಾದವು ಡಾಲರಿನೆದುರು ಅಗ್ಗವಾಗಿ ಲೆಕ್ಕದಲ್ಲೇ ಕರಗಿದ್ದೂ ಇದೆ.

ಇನ್ನು ಅಂಗಡಿಯ ಒಳಗೆ ಬನ್ನಿ. ಅಗಲ ಹತ್ತಡಿ. ರಿಸರ್ವ್ ಬ್ಯಾಂಕಿನ ಪರವಾನಗಿಯನ್ನು ಚೌಕಟ್ಟು ಹಾಕಿಸಿ ಲಕ್ಷ್ಮಿ ಪಟದ ಪಕ್ಕ ತೂಗುಹಾಕಿದ್ದಾರೆ. ಯಾವ ಅಂಗಡಿಗೆ ಹೋದರೂ ಮೊದಲು ಅದನ್ನು ನೋಡಿ. ನೋಟು ಎಣಿಸುವ ಯಂತ್ರ ಇದೆ, ಆದರೂ ಮಾಲೀಕರು ಕೈಯಲ್ಲೇ ಇನ್ನೊಮ್ಮೆ ಎಣಿಸುತ್ತಾರೆ, ಹೆಬ್ಬೆರಳಿಗೆ ಒದ್ದೆ ಸ್ಪಂಜು ಮುಟ್ಟಿಸಿ. ಪಾಸ್‌ಪೋರ್ಟು, ಪ್ಯಾನ್, ಟಿಕೆಟ್ಟು, ವಿದೇಶಿ ಹಣ ಕೊಳ್ಳುವವರು ತುಂಬಬೇಕಾದ ಎ2 ಫಾರಂ. ಆರು ಜನಕ್ಕೂ ಬೇರೆ ಬೇರೆ ಬಿಲ್ಲು. ನಗದು ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್ ತನಕ, ಮಿಕ್ಕದ್ದು ಕಾರ್ಡಿನಲ್ಲಿ. 50,000 ರೂಪಾಯಿ ದಾಟಿದರೆ ನಗದಾಗಿ ಕಟ್ಟುವಂತಿಲ್ಲ. ಇದನ್ನೆಲ್ಲ ಕೇಳುವ ಮೊದಲೇ ಹೇಳಿದರು. ಕೆಲವರಿಗೆ ಇಷ್ಟು ಕಾಗದ ಕೇಳಿದರೆ ಸಿಟ್ಟು. ನನಗೆ ಕೇಳದಿದ್ದರೆ ಸಿಟ್ಟು.

ಮಾಲೀಕರ ಬೆನ್ನ ಹಿಂದೆ ಹಸಿರು ಬಣ್ಣದ ಗಾಡ್ರೇಜ್ ಬೀರು. ತೆರೆದಾಗ ಇಣುಕಿದೆ, ಹಳೆಯ ಚಾಳಿ. ಮೇಲಿನ ಅರೆಯಲ್ಲಿ ಹೆಸರು ಬರೆದ ಕಂದು ಕವರುಗಳು, ಅವು ಬುಕಿಂಗ್ ಆದವು. ಕೆಳಗಿನ ಅರೆಯಲ್ಲಿ ಹೆಸರಿಲ್ಲದ ಕಂತೆಗಳು. ಒಂದು ಮೂಲೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಡಾಲರಿನ ನೋಟುಗಳು, ಒಂದು ಬಿಸ್ಕತ್ತು ಡಬ್ಬಿ ತುಂಬ. ಓದಲು ಹೋಗುವ ಹುಡುಗರು ಇಳಿದ ಕೂಡಲೇ ಟ್ರಾಲಿಗೋ ನೀರಿಗೋ ಬೇಕು ಅಂತ ಕೇಳುತ್ತಾರಂತೆ.

"ಹೆಸರಿಲ್ಲದ್ದು ಇಷ್ಟು ಯಾಕೆ? ಇದಕ್ಕೆ ಬಡ್ಡಿ ಹುಟ್ಟಲ್ಲವಲ್ಲ."

"ಹುಟ್ಟೋದಿರಲಿ, ನಾನೇ ಕಟ್ತಾ ಇದ್ದೀನಿ. ಓವರ್‌ಡ್ರಾಫ್ಟ್ ದುಡ್ಡಮ್ಮ ಇದು, ಬ್ಯಾಂಕಿನ ಸಾಲ." ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿಕೊಂಡರು. "ಡಾಲರ್ ಬೇಕು ಅಂತ ಎಲ್ಲರೂ ಒಂದೇ ದಿನ ಬರ್ತಾರೆ. ಅವತ್ತು ನನಗೆ ಸಗಟು ಕೊಡೋನೂ ಫೋನ್ ಎತ್ತಲ್ಲ."

ಹೊಸದಾಗಿ ಬೆಳೆಯುತ್ತಿರುವ ದೇಶಗಳು ಯಾಕೆ ಇಷ್ಟೊಂದು ಡಾಲರ್ ಗುಡ್ಡೆ ಹಾಕಿಕೊಂಡು ಕೂತಿವೆ ಅಂತ ಯಾರಾದರೂ ಕೇಳಿದರೆ ಇನ್ನು ಮೇಲೆ ನಾನು ಈ ಎರಡು ವಾಕ್ಯವನ್ನೇ ಹೇಳುವುದು. ಆ ದಿನವನ್ನು ನಾನು ಕೌಂಟರಿನ ಈಚೆಯಿಂದ ನೋಡಿದ್ದೇನೆ.

1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಎಣ್ಣೆ ಬೆಲೆ ಏರಿತು ಅನ್ನುವುದನ್ನಷ್ಟೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೊಂದು ಗೊತ್ತು. ಅಲ್ಲಿ ದುಡಿಯುತ್ತಿದ್ದವರು ಉಟ್ಟಬಟ್ಟೆಯಲ್ಲಿ ವಿಮಾನ ಹತ್ತಿ ಬಂದರು, ತಿಂಗಳು ತಿಂಗಳು ಬರುತ್ತಿದ್ದ ಡ್ರಾಫ್ಟು ನಿಂತಿತು. ಅದರ ಬೆನ್ನಿಗೆ ಬೇರೆ ದೇಶಗಳಲ್ಲಿದ್ದ ನಮ್ಮವರು ಇಲ್ಲಿಟ್ಟಿದ್ದ ಡಾಲರ್ ಠೇವಣಿ ತೆಗೆಯತೊಡಗಿದರು. ಬರುವುದು ನಿಂತು ಹೋಗುವುದು ಹೆಚ್ಚಾದಾಗ ಡಬ್ಬಿಯ ತಳ ಬೇಗ ಕಾಣುತ್ತದೆ. 1991ರ ಜನವರಿಯಲ್ಲಿ ಇಡೀ ದೇಶದ ಹತ್ತಿರ ಇದ್ದ ವಿದೇಶಿ ಹಣ ಸುಮಾರು 120 ಕೋಟಿ ಡಾಲರ್. ಎರಡು ಮೂರು ವಾರದ ಆಮದಿಗೆ ಆಗುವಷ್ಟು.

ನನ್ನ ಮೇಜಿನ ಮೇಲೆ ಅದು ಕಂಡದ್ದು ಮಾರ್ಜಿನ್ ಸುತ್ತೋಲೆಯಾಗಿ. ಎಲ್‌ಸಿ ಅಂದರೆ ಸರಕು ಕಳಿಸುವವನಿಗೆ ದುಡ್ಡು ಸಿಗುತ್ತದೆ ಅಂತ ಬ್ಯಾಂಕು ಬರೆದುಕೊಡುವ ಭರವಸೆ ಪತ್ರ. ಆಮದಿಗೆ ಎಲ್‌ಸಿ ತೆರೆಯುವವರು ಅದರ ಮೊತ್ತದ ಇಂತಿಷ್ಟು ಪಾಲನ್ನು ನಗದು ಮಾರ್ಜಿನ್ ಅಂತ ಬ್ಯಾಂಕಿನಲ್ಲಿ ಠೇವಣಿ ಇಡಬೇಕಿತ್ತು. ಅದನ್ನು ಏರಿಸುತ್ತ ಏರಿಸುತ್ತ ಏಪ್ರಿಲ್ ಹೊತ್ತಿಗೆ ಶೇಕಡ 200ಕ್ಕೆ ತಂದರು. ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ಇಟ್ಟಿದ್ದ ಒಬ್ಬರು, ಜರ್ಮನಿಯಿಂದ ಯಂತ್ರದ ಬಿಡಿಭಾಗ ತರಿಸುವವರು, ಸುತ್ತೋಲೆಯನ್ನು ಎರಡು ಸಲ ಓದಿಸಿಕೊಂಡರು.

"ಅಂದ್ರೆ ಮೇಡಮ್ಮೋರೆ, ಒಂದು ಸೇರು ಅಕ್ಕಿ ತರೋಕೆ ಎರಡು ಸೇರು ಒತ್ತೆ ಇಡಬೇಕಾ?"

ಹೌದು ಅಂದೆ. ಇನ್ನೇನು ಹೇಳಲಿ? ಅವರು ಎಲ್ಲೆಲ್ಲಿಂದಲೋ ಹೊಂದಿಸಿ ಎರಡು ಸೇರನ್ನೂ ತಂದು ಇಟ್ಟರು. ಎಲ್‌ಸಿ ಹೋಯಿತು. ಹದಿನೈದು ದಿನಕ್ಕೆ ಆ ಕಡೆಯ ಬ್ಯಾಂಕಿನಿಂದ ಟೆಲೆಕ್ಸ್ ಬಂತು, ಭಾರತೀಯ ಬ್ಯಾಂಕಿನ ಎಲ್‌ಸಿಗೆ ತಾನು ಖಾತರಿ ಸೇರಿಸುವುದಿಲ್ಲ ಅಂತ. ನಮ್ಮ ಗಿರಾಕಿಯಲ್ಲಿ ರೂಪಾಯಿ ಇತ್ತು, ನಮ್ಮ ಬ್ಯಾಂಕಿನಲ್ಲಿ ರೂಪಾಯಿ ಇತ್ತು. ರೂಪಾಯಿ ನಾವೇ ಅಚ್ಚು ಹಾಕಬಹುದು, ಡಾಲರ್ ಆಗುವುದಿಲ್ಲವಲ್ಲ. ಆ ಟೆಲೆಕ್ಸಿನ ಹಾಳೆಯನ್ನು ಅವರ ಮುಂದೆ ಹಿಡಿದಾಗಿನ ನಾಚಿಕೆ ಇನ್ನೂ ಹೋಗಿಲ್ಲ.

ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿಗೆ, ವಾಪಸ್ ಕೊಳ್ಳುವ ಕರಾರಿನ ಮೇಲೆ. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿಗೆ ಅಡ. ಎರಡೂ ಸೇರಿ ಸಿಕ್ಕಿದ್ದು ಸುಮಾರು 60 ಕೋಟಿ ಡಾಲರ್. ಜುಲೈ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನೂ ಇಳಿಸಿದರು. ತಿಪಟೂರಿನ ನಮ್ಮ ಮನೆಯಲ್ಲಿ ಅಮ್ಮ ಪೇಪರ್ ಓದಿ ಮಡಚಿಟ್ಟಳು. ಅಕ್ಕನ ಮದುವೆಗೆ ಅವಳ ಬಳೆ ಸೊಸೈಟಿಯಲ್ಲಿ ಮೂರು ವರ್ಷ ಕೂತಿತ್ತು, ಹಾಗಾಗಿ ಈ ವಿಷಯದಲ್ಲಿ ಅವಳದು ಅನುಭವದ ಮಾತು. "ಬಳೆ ಅಡ ಇಡೋದು ದುಡ್ಡಿಗಲ್ಲ ಕಣೆ, ದಿನಸಿ ಅಂಗಡಿಯವನು ಮತ್ತೆ ಲೆಕ್ಕದ ಪುಸ್ತಕ ತೆಗೀಲಿ ಅಂತ." 60 ಕೋಟಿ ಡಾಲರಿನಿಂದ ದೇಶ ಎಷ್ಟು ದಿನ ನಡೆಯುತ್ತದೆ? ಆದರೆ ಕಂತು ತಪ್ಪಲಿಲ್ಲ, ಪುಸ್ತಕ ಮುಚ್ಚಲಿಲ್ಲ.

ಬೀರುವಿನ ಮಾತು ಬಿಟ್ಟು ಎಲ್ಲಿಗೋ ಹೋದೆ. ಆದರೆ ನಮ್ಮ ತಲೆಮಾರಿನ ಬ್ಯಾಂಕಿನವರಿಗೆ ಬೀರು ತೆರೆದರೆ ಮೂಗಿಗೆ ಬಡಿಯುವುದು ಅದೇ ವಾಸನೆ. ಆಮೇಲೆ ಬಂದ ಗವರ್ನರುಗಳು ಯಾವ ಪಕ್ಷದ ಸರ್ಕಾರ ಇದ್ದರೂ ಡಾಲರ್ ಬಂದಾಗ ಕೊಂಡು ಇಟ್ಟರು. 2003ರ ಡಿಸೆಂಬರಿನಲ್ಲಿ ಮೀಸಲು 100 ಬಿಲಿಯನ್ ಡಾಲರ್ ದಾಟಿತು.

ನಾವೊಬ್ಬರೇ ಅಲ್ಲ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯವನ್ನು ಹಿಡಿದಿಡಲಾರದೆ ಕೈಬಿಟ್ಟಿತು. ತೋರಿಸುತ್ತಿದ್ದ ಲೆಕ್ಕದಲ್ಲಿ 30 ಬಿಲಿಯನ್ ಡಾಲರಿಗೂ ಹೆಚ್ಚು ಮೀಸಲಿತ್ತು. ಅದರಲ್ಲಿ ಬಹುಪಾಲು, ಮುಂದಿನ ದಿನಾಂಕಕ್ಕೆ ಡಾಲರ್ ಕೊಡುತ್ತೇವೆಂದು ಒಪ್ಪಿಕೊಳ್ಳುವ ಮುಂಗಡ ವ್ಯಾಪಾರದಲ್ಲಿ, ಆಗಲೇ ಮಾರಿಹೋಗಿತ್ತು. ಮಾಲಿನ ಗಾಜಿನೊಳಗಿನ ಕಂತೆ! ಅದೇ ವರ್ಷದ ಕೊನೆಗೆ ದಕ್ಷಿಣ ಕೊರಿಯಾ ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಬಾಗಿಲಿಗೆ ಹೋಯಿತು, ಅಲ್ಲಿನ ಸುಮಾರು 35 ಲಕ್ಷ ಜನ ಸಾಲು ನಿಂತು ಉಂಗುರ, ಸರ ಕೊಟ್ಟು 227 ಟನ್ ಚಿನ್ನ ಕೂಡಿಸಿದರು. 1998ರ ಜನವರಿಯಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೊ ತಲೆ ಬಗ್ಗಿಸಿ ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದಾಗ ಐಎಂಎಫ್ ಮುಖ್ಯಸ್ಥ ಕ್ಯಾಮ್ಡೆಸ್ಸು ಕೈಕಟ್ಟಿ ಹಿಂದೆ ನಿಂತಿದ್ದ ಫೋಟೋ ನಮ್ಮ ಪೇಪರುಗಳಲ್ಲೂ ಬಂದಿತ್ತು. ಇನ್ನು ಯಾರ ಮುಂದೆಯೂ ಹೀಗೆ ಕೂರಬಾರದು ಅಂತ ಏಷ್ಯಾದ ಹಣಕಾಸು ಮಂತ್ರಿಗಳಿಗೆಲ್ಲ ಅನ್ನಿಸಿರಬೇಕು. ಗುಡ್ಡೆ ಹಾಕುವುದು ಜೋರಾದದ್ದು ಆಮೇಲೆಯೇ. ಚೀನಾದ್ದು ಮಾತ್ರ ಬೇರೆ ಕತೆ. ಅದು ತನ್ನ ಯುವಾನ್ ದುಬಾರಿಯಾಗಿ ರಫ್ತು ಕೆಡಬಾರದು ಅಂತಲೂ ಡಾಲರ್ ಕೊಳ್ಳುತ್ತ ಹೋಯಿತು, 2014ರಲ್ಲಿ ಹತ್ತಿರ ಹತ್ತಿರ 4,000 ಬಿಲಿಯನ್ ಮುಟ್ಟಿತು. ಅದರ ನಂತರ ಎರಡೂವರೆ ವರ್ಷದಲ್ಲಿ 1,000 ಬಿಲಿಯನ್ ಕರಗಿತು ಅನ್ನುವುದನ್ನೂ ಮರೆಯಬಾರದು.

ಎಷ್ಟಿದ್ದರೆ ಸಾಕು? ನಾನು ಕೆಲಸಕ್ಕೆ ಸೇರಿದಾಗ ಹೇಳಿಕೊಟ್ಟದ್ದು ಮೂರು ತಿಂಗಳ ಆಮದಿಗಾಗುವಷ್ಟು ಅಂತ. ಏಷ್ಯಾದ ಪೆಟ್ಟಿನ ಮೇಲೆ ಅರ್ಜೆಂಟೀನಾದ ಗಿಡೋಟ್ಟಿ ಅನ್ನುವವರು ಬೇರೆ ಅಳತೆ ಕೊಟ್ಟರು, ಮುಂದಿನ ಒಂದು ವರ್ಷದಲ್ಲಿ ತೀರಿಸಬೇಕಾದ ಹೊರಗಿನ ಸಾಲದಷ್ಟಾದರೂ ಇರಬೇಕು ಅಂತ. ಈ ಎರಡನೆಯದೇ ಸಂಸಾರ ಮಾಡುವವರ ಲೆಕ್ಕಕ್ಕೆ ಹತ್ತಿರ.

ಈಗ ತಕರಾರು. ಅಂಗಡಿಯವರಿಗೆ ಓವರ್‌ಡ್ರಾಫ್ಟಿನ ಬಡ್ಡಿ ಬೀಳುವಂತೆ ದೇಶಕ್ಕೂ ಬೀಳುತ್ತದೆ. ನಮ್ಮ ಮೀಸಲು ಚೀನಾದಂತೆ ಮಾರಿ ಗಳಿಸಿದ ಲಾಭದ ಗಂಟಲ್ಲ, ನಾವು ಹೊರಗಿನಿಂದ ಕೊಳ್ಳುವುದೇ ಮಾರುವುದಕ್ಕಿಂತ ಹೆಚ್ಚು. ಹೂಡಿಕೆಯೆಂದು ಬಂದದ್ದು, ಸಾಲವೆಂದು ಬಂದದ್ದು, ಇವನ್ನು ರಿಸರ್ವ್ ಬ್ಯಾಂಕು ರೂಪಾಯಿ ಕೊಟ್ಟು ಕೊಂಡು ಒಟ್ಟಿದೆ. 2025ರ ಮಾರ್ಚ್ ಕೊನೆಗೆ ಡಬ್ಬಿಯಲ್ಲಿ 668 ಬಿಲಿಯನ್, ದೇಶದ ಒಟ್ಟು ಹೊರಸಾಲ 736 ಬಿಲಿಯನ್. ನಮ್ಮ ಕಂಪನಿಗಳು ಹೊರಗಿನಿಂದ ಹೆಚ್ಚಿನ ಬಡ್ಡಿಗೆ ತರುತ್ತವೆ, ನಾವು ಅದೇ ಡಾಲರನ್ನು ಅಮೆರಿಕ ಸರ್ಕಾರದ ಬಾಂಡಿನಲ್ಲಿ ಕಡಿಮೆ ಬಡ್ಡಿಗೆ ಇಡುತ್ತೇವೆ. ಬಡವನ ಮನೆಯ ದುಡ್ಡು ಸಾಹುಕಾರನಿಗೆ ಕೈಗಡ. ಆ ದುಡ್ಡಿನಲ್ಲಿ ರಸ್ತೆ ಮಾಡಬಾರದೇ ಅಂತ ನಮ್ಮ ಯಜಮಾನರು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾರೆ. ಸಿಮೆಂಟಿನವನಿಗೂ ಕೂಲಿಯವನಿಗೂ ಡಾಲರ್ ಕೊಟ್ಟರೆ ಅವನು ಅದನ್ನು ತಂದು ಮತ್ತೆ ರೂಪಾಯಿ ಮಾಡಿಸಬೇಕು, ಸುತ್ತಿ ಬಳಸಿ ಅದು ಅದೇ ಬೀರುವಿಗೆ ಬಂದು ಬೀಳುತ್ತದೆ ಅಂತ ನಾನೂ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ.

ಇನ್ನೊಂದು ಮಾತು, ಹೆಸರು ಬರೆದ ಕವರಿನದು. ನಮ್ಮ ರಿಸರ್ವ್ ಬ್ಯಾಂಕಿನ ಬೀರುವಿನಲ್ಲೂ ಮೇಲಿನ ಅರೆ ಇದೆ. 2025ರ ಫೆಬ್ರವರಿ ಕೊನೆಗೆ ಮುಂದೆ ಕೊಡುತ್ತೇವೆಂದು ಒಪ್ಪಿಕೊಂಡ ಡಾಲರ್ ನಿವ್ವಳ 80 ಬಿಲಿಯನ್‌ಗೂ ಮೇಲಿತ್ತು. ಥಾಯ್ಲೆಂಡಿನಂತೆ ಮುಚ್ಚಿಟ್ಟದ್ದಲ್ಲ, ತಿಂಗಳು ತಿಂಗಳು ಅವರೇ ಪ್ರಕಟಿಸುತ್ತಾರೆ. ಶುಕ್ರವಾರ ಬರುವ ಮೀಸಲಿನ ದೊಡ್ಡ ಅಂಕಿ ನೋಡಿ ಎದೆಯುಬ್ಬಿಸುವ ಟೀವಿಯವರು ಆ ಪುಟ ಮಾತ್ರ ತೆರೆಯುವುದಿಲ್ಲ.

ಚಿನ್ನದ ವಿಷಯವೂ ಅಷ್ಟೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಸುಮಾರು 300 ಬಿಲಿಯನ್ ಡಾಲರ್ ಮೀಸಲನ್ನು ಪಶ್ಚಿಮದ ದೇಶಗಳು ತಡೆಹಿಡಿದವು. ಬೇರೆಯವರ ಬೀರುವಿನಲ್ಲಿ ಇಟ್ಟದ್ದು ಬೇಕಾದ ದಿನ ಸಿಗದಿರಬಹುದು ಅಂತ ಎಲ್ಲರಿಗೂ ಹೊಳೆಯಿತು. 2025ರ ಮಾರ್ಚ್ ಹೊತ್ತಿಗೆ ರಿಸರ್ವ್ ಬ್ಯಾಂಕಿನ ಚಿನ್ನ ಸುಮಾರು 880 ಟನ್, ಅದರಲ್ಲಿ 510 ಟನ್‌ಗೂ ಹೆಚ್ಚು ನಮ್ಮ ದೇಶದಲ್ಲೇ. ಅಮ್ಮ ಇದ್ದಿದ್ದರೆ 'ಬಳೆ ಮನೆಗೆ ಬಂತಾ' ಅಂತಿದ್ದಳು.

ಸರಿ, ಶ್ರೀಲಂಕಾ. ಕಟುನಾಯಕದ ವಿಮಾನ ನಿಲ್ದಾಣದಲ್ಲಿ ಹೊರಗೆ ಬರುವ ದಾರಿಯಲ್ಲೇ ಬ್ಯಾಂಕುಗಳ ಕೌಂಟರು ಸಾಲಾಗಿವೆ. ಒಂದು ಡಾಲರಿಗೆ ಅಲ್ಲಿನ ರೂಪಾಯಿ 290ರ ಮೇಲೆ ಸಿಕ್ಕಿತು. ಜಯನಗರದ ಸಣ್ಣ ನೋಟುಗಳು ನಿಜವಾಗಿ ಉಪಯೋಗಕ್ಕೆ ಬಂದವು. ದೇವಸ್ಥಾನದ ಹೊರಗೆ, ಚಹಾ ತೋಟದಲ್ಲಿ, ವ್ಯಾನಿನ ಚಾಲಕನಿಗೆ ಕೊಡುವಾಗ. ಈ ಚಾಲಕ ಐವತ್ತರ ಆಸುಪಾಸಿನವನು, ತಮಿಳು ಮಾತಾಡುತ್ತಿದ್ದ, ನಮ್ಮಲ್ಲಿ ಇಬ್ಬರಿಗೆ ತಮಿಳು ಬರುತ್ತಿತ್ತು. ನುವರ ಎಲಿಯಕ್ಕೆ ಏರುವಾಗ ಒಂದು ಪೆಟ್ರೋಲ್ ಬಂಕ್ ತೋರಿಸಿ ಹೇಳಿದ, "ಇಲ್ಲಿ ಎರಡು ರಾತ್ರಿ ವ್ಯಾನಿನಲ್ಲೇ ಮಲಗಿದ್ದೆ."

2022ರ ಕತೆ. ಕೊಲಂಬೊ ಬಂದರಿನ ಹೊರಗೆ ಎಣ್ಣೆ ಹಡಗು ನಿಂತಿತ್ತು, ದುಡ್ಡು ಕೊಡದೆ ಇಳಿಸುವುದಿಲ್ಲ ಅಂತ. ಇವರ ಹತ್ತಿರ ಡಾಲರ್ ಇರಲಿಲ್ಲ. 2019ರ ಕೊನೆಗೆ 7.6 ಬಿಲಿಯನ್ ಇದ್ದ ಮೀಸಲು 2022ರ ಮಾರ್ಚಿಗೆ 1.9ಕ್ಕೆ ಬಂದಿತ್ತು. ಕೋವಿಡ್ಡಿನಲ್ಲಿ ಪ್ರವಾಸಿಗರು ನಿಂತರು, ತೆರಿಗೆ ಕಡಿತ ಖಜಾನೆ ಒಣಗಿಸಿತು. ಅದಕ್ಕಿಂತ ದೊಡ್ಡ ಎಡವಟ್ಟು, ಡಾಲರಿಗೆ 200 ರೂಪಾಯಿ ಅಂತ ದರವನ್ನು ಹಿಡಿದಿಟ್ಟದ್ದು. ಹೊರಗೆ ಅದಕ್ಕಿಂತ ಹೆಚ್ಚು ಸಿಗುತ್ತಿದ್ದರಿಂದ ಹೊರದೇಶದಲ್ಲಿ ದುಡಿಯುವವರು ಬ್ಯಾಂಕು ಬಿಟ್ಟು ಕಳ್ಳದಾರಿಯಲ್ಲಿ ಹಣ ಸಾಗಿಸುವ ಹುಂಡಿಯವರ ಕೈಯಲ್ಲಿ ಕಳಿಸಿದರು. ಇಷ್ಟಾದರೂ ಜನವರಿಯಲ್ಲಿ 50 ಕೋಟಿ ಡಾಲರಿನ ಬಾಂಡ್ ತೀರಿಸಿದರು, ಮಾನ ಉಳಿಸಿಕೊಳ್ಳಲು. ಏಪ್ರಿಲ್ 12ರಂದು ಇನ್ನು ಹೊರಸಾಲ ತೀರಿಸಲಾಗುವುದಿಲ್ಲ ಅಂತ ಕೈಚೆಲ್ಲಿದರು. ನಾವು 1991ರಲ್ಲಿ ಹೋಗದೆ ತಪ್ಪಿಸಿಕೊಂಡ ಜಾಗಕ್ಕೆ ಇವರು ಹೋಗಿಬಂದರು.

ಚಾಲಕನ ಫೋನಿನಲ್ಲಿ ಆ ಕಾಲದ ಕ್ಯೂಆರ್ ಚಿತ್ರ ಇನ್ನೂ ಇತ್ತು. ಜುಲೈಯಲ್ಲಿ ಶುರುವಾದದ್ದು, ಅದನ್ನು ತೋರಿಸಿದರೆ ವಾರಕ್ಕೆ ಬೈಕಿಗೆ 4 ಲೀಟರ್, ಆಟೊಕ್ಕೆ 5, ವ್ಯಾನಿಗೆ 20. "ಯಾಕೆ ಅಳಿಸಿಲ್ಲ?" ಅಂತ ಕೇಳಿದೆವು. ಭುಜ ಕುಣಿಸಿದ. ಇಳಿಯುವಾಗ ಕೊಟ್ಟ ಹತ್ತರ ನೋಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಚದೆ, ಲೈಸೆನ್ಸಿನ ಪ್ಲಾಸ್ಟಿಕ್ಕಿನೊಳಗೆ ಸೇರಿಸಿದ.

ಮಡಚದೆ ಅನ್ನುವುದು ಸುಮ್ಮನೆ ಅಲ್ಲ ಅಂತ ಕ್ಯಾಂಡಿಯಲ್ಲಿ ಗೊತ್ತಾಯಿತು. ಅಲ್ಲಿನ ಕರೆನ್ಸಿ ಅಂಗಡಿಯ ಹುಡುಗಿ ನನ್ನ ಇಪ್ಪತ್ತರ ನೋಟುಗಳನ್ನು ಒಂದೊಂದಾಗಿ ತಿರುಗಿಸಿ ಒಂದನ್ನು ವಾಪಸ್ ತಳ್ಳಿದಳು. ಮೂಲೆಯಲ್ಲಿ ನೀಲಿ ಪೆನ್ನಿನ ಒಂದು ಗೀಟು, ಅಕ್ಕಿ ಕಾಳಿನಷ್ಟು ಉದ್ದ. ಯಾರೋ ಕಂತೆ ಎಣಿಸುವಾಗ ಗುರುತು ಹಾಕಿದ್ದಿರಬೇಕು. ಅಸಲಿ ನೋಟೇ, ಆದರೆ ಅವಳು ಮುಟ್ಟಲೊಲ್ಲಳು. ಜಯನಗರದಲ್ಲಿ ಯಂತ್ರದಲ್ಲೊಮ್ಮೆ, ಕೈಯಲ್ಲೊಮ್ಮೆ ಎಣಿಸಿದ್ದರು, ಎರಡು ಸಲವೂ ಕಣ್ಣಿಗೆ ಬೀಳಲಿಲ್ಲ. ನಾನೂ ನೋಡಲಿಲ್ಲ, ಅದು ಬೇರೆ ಮಾತು. ನಕ್ಷತ್ರ ಕೊಡುತ್ತಿರುವುದು ನನಗಲ್ಲವಲ್ಲ. ಅರ್ಧ ಅಲ್ಲಿ ಹೋಯಿತು. ಡಾಲರ್ ಕೊಳ್ಳುವವರು ಕೌಂಟರಿನಲ್ಲೇ ಪ್ರತಿ ನೋಟಿನ ಎರಡೂ ಮಗ್ಗುಲು ನೋಡಿಕೊಳ್ಳಿ. ಗೀಟು, ಮುದ್ರೆ, ಹರಕು ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ.

ವಾಪಸ್ ಬಂದ ವಾರಕ್ಕೆ ಉಳಿದ 65 ಡಾಲರ್ ಹಿಡಿದು ಮತ್ತೆ ಹತ್ತೊಂಬತ್ತು ಮೆಟ್ಟಿಲು ಹತ್ತಿದೆ. 2,000 ಡಾಲರ್ ತನಕ ಮನೆಯಲ್ಲೇ ಇಟ್ಟುಕೊಳ್ಳಬಹುದು, ನನಗೆ ಬೇಕಿರಲಿಲ್ಲ. ಗೀಟಿನ ನೋಟನ್ನು ಬೇರೆ ಇಟ್ಟೆ. "ಇದು ನಿಮ್ಮದೇ."

ಮಾಲೀಕರು ಕನ್ನಡಕ ಹಣೆಗೇರಿಸಿ ದೀಪಕ್ಕೆ ಹಿಡಿದರು. "ನಮ್ಮದೇ ಅಮ್ಮ. ತಪ್ಪಾಯ್ತು." ಮಿಕ್ಕ 45 ಡಾಲರಿಗೆ ಅವತ್ತಿನ ಕೊಳ್ಳುವ ದರ ಕೊಟ್ಟರು. ಗೀಟಿನ ಇಪ್ಪತ್ತಕ್ಕೆ ಮಾತ್ರ ನನಗೆ ಮಾರಿದ್ದ ಅದೇ 87 ರೂಪಾಯಿ 60 ಪೈಸೆ. ಕೇಳಿರಲಿಲ್ಲ ನಾನು. ಅರ್ಧ ನಕ್ಷತ್ರ ವಾಪಸ್ ಕೊಡಲೇ ಅಂತ ಮನಸ್ಸಾಯಿತು, ಆದರೆ ಕ್ಯಾಂಡಿಯಲ್ಲಿ ಆದ ಮುಜುಗರ ಆದದ್ದೇ.

ಗೀಟಿನ ನೋಟು ಒಂದು ಕವರಿಗೆ ಹೋಯಿತು. ಉಳಿದದ್ದು ಹಸಿರು ಬೀರುವಿನ ಕೆಳಗಿನ ಅರೆಗೆ. ನಾನು ಮೂರನೇ ಕುರ್ಚಿಯಿಂದ ಎದ್ದ ಕೂಡಲೇ ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಹುಡುಗನೊಬ್ಬ ಅಲ್ಲಿ ಕೂತ, ಅವರಪ್ಪ ಹಿಂದೆ ನಿಂತರು, ಕೈಯಲ್ಲಿ ಫೈಲು.

"ಸರ್, ಒಂದು ಡಾಲರಿನ ನೋಟು ಇದೆಯಾ? ಒಂದು ಹತ್ತು ಬೇಕಿತ್ತು."

"ಇದೆ," ಅಂದರು ಮಾಲೀಕರು, ಬಿಸ್ಕತ್ತು ಡಬ್ಬಿಗೆ ಕೈ ಚಾಚುತ್ತ.